ಇದು ಕರಡಿಗೆ

ಹಾಲಸಿದ್ದಪ್ಪನವರನ್ನು ಸುಳ್ಳುಗಾರ ಅಂದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಹೇಳುತ್ತೇನೆ.

ಅವರು ಹುಟ್ಟಿದ್ದು ಪುರಸೈವಾಕ್ಕಂನಲ್ಲಿ, ಅಪ್ಪನ ಪಾತ್ರೆ ಅಂಗಡಿಯ ಹಿಂದಿನ ಎರಡು ಕೋಣೆಗಳ ಮನೆಯಲ್ಲಿ. ಅಪ್ಪ ಬೈಲಹೊಂಗಲದ ಕಡೆಯಿಂದ ಬಂದವರು. ಶಾಲೆಯಲ್ಲಿ ತಮಿಳು, ಗಿರಾಕಿಗಳೊಡನೆ ತಮಿಳು. ಊರಿನಿಂದ ಬರುವ ಪಾತ್ರೆಗಳಿಗೆ ಸುತ್ತಿರುತ್ತಿದ್ದ ಹಳೇ ಕನ್ನಡ ಪತ್ರಿಕೆಗಳನ್ನು ತಾಯಿ ಶಿವಲಿಂಗಮ್ಮ ಬಿಡಿಸಿ, ನೀವಿ, ಮಗನ ಕೈಗೆ ಕೊಟ್ಟು ಓದಿಸುತ್ತಿದ್ದರು. ಒಂದು ಒತ್ತಕ್ಷರ ತಪ್ಪಿದರೆ ಮತ್ತೆ ಮೊದಲಿನಿಂದ. ಹುಡುಗ ದೊಡ್ಡವನಾಗಿ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಕನ್ನಡ ಎಂ.ಎ. ಮಾಡಿದ. ವಿಶ್ವವಿದ್ಯಾಲಯವೊಂದರ ಹಸ್ತಪ್ರತಿ ವಿಭಾಗದಲ್ಲಿ ಸಹಾಯಕನಾಗಿ ಸೇರಿದ. ಮೂವತ್ತೊಂದು ವರ್ಷ ಸಹಾಯಕನಾಗಿಯೇ ಉಳಿದ.

ನಾನು ತುಂಗಾ, ಮೈಸೂರಿನವಳು. ಗಂಡನಿಗೆ ಅಂಬತ್ತೂರಿನಲ್ಲಿ ಕೆಲಸವಾದಾಗ ಚೆನ್ನೈಗೆ ಬಂದು ಅದೇ ವಿಭಾಗದಲ್ಲಿ ಟೈಪಿಸ್ಟ್ ಆದೆ. ಹನ್ನೊಂದು ವರ್ಷ ಹಾಲಸಿದ್ದಪ್ಪನವರ ಎದುರಿನ ಮೇಜು ನನ್ನದು.

ಅವರ ಮೇಜಿನ ಮೇಲೆ ಸದಾ ಇರುತ್ತಿದ್ದದ್ದು ಥಿಯೋಫಿಲಸ್ ಗ್ರೇಲಿ ಎಂಬ ಪಾದ್ರಿಯ ನಾಲ್ಕು ನೋಟ್ ಪುಸ್ತಕಗಳು. ಗ್ರೇಲಿ ಮೇಣದಬತ್ತಿ ಮಾಡುವವನ ಮಗ. ಇಂಗ್ಲೆಂಡಿನ ವಿಶ್ವವಿದ್ಯಾಲಯದಲ್ಲಿ ಹೀಬ್ರೂ ಕಲಿಸುತ್ತಿದ್ದವನು, ಮೇಲಿನವರ ಜೊತೆ ಜಗಳ ಕಾಯ್ದು ಸಾವಿರದ ಏಳುನೂರ ಅರವತ್ತೆಂಟರಲ್ಲಿ ಮದರಾಸಿನ ಕೋಟೆಗೆ ಬಂದ. ಭಾನುವಾರ ಸಿಪಾಯಿಗಳಿಗೆ ಉಪದೇಶ, ಉಳಿದ ದಿನ ಕನ್ನಡ. ಏಳು ವರ್ಷ ಒಬ್ಬನೇ ಗುರುವಿನ ಎದುರು ಕೂತು ಕಲಿತ. ಕೊನೆಗೆ ಜ್ವರ ಬಂದು ಸತ್ತ. ಆ ಗುರುವಿನ ಹೆಸರನ್ನು ಒಂದೇ ಒಂದು ಕಡೆ 'ಅಯ್ಯ ಕಾಂತಪ್ಪ' ಎಂದು ಬರೆದಿದ್ದಾನೆ. ಉಳಿದೆಡೆಯೆಲ್ಲ ಬರೀ 'ಅಯ್ಯ'.

ಹತ್ತೊಂಬತ್ತು ವರ್ಷ ಆ ಹುಳ ತಿಂದ ಹಾಳೆಗಳನ್ನು ಓದಿ ಹಾಲಸಿದ್ದಪ್ಪ ಪಾದ್ರಿಯ ಜೀವನಚರಿತ್ರೆ ಬರೆದರು. "ಪಾದ್ರಿದು ನಾ ಬರೀಲಿಲ್ಲಂದ್ರ ಇಂಗ್ಲೆಂಡಿನವ್ರು ಯಾರರ ಬರೀತಾರ ರೀ," ಅನ್ನುತ್ತಿದ್ದರು. "ಆದ್ರ ಕಾಂತಪ್ಪಂದು ಯಾರು ಬರೀತಾರ? ಅಂವಗ ಅಂತ ಇರೂದು ಇದೊಂದ ಹೆಸರು."

ಆ ಒಂದು ಹೆಸರಿಗಾಗಿ ಅವರು ತಮ್ಮ ಹೆಸರನ್ನೇ ಬಿಟ್ಟುಕೊಟ್ಟರು. ವಿಭಾಗದ ಮುಖ್ಯಸ್ಥರು ಡಾ. ಸುಘೋಷ. ಪುಸ್ತಕ ವಿಭಾಗದ ಯೋಜನೆ, ಆದ್ದರಿಂದ ಮುಖಪುಟದಲ್ಲಿ ತಮ್ಮ ಹೆಸರು ಎಂದರು. ನಾನು ಕೂಗಾಡಿದೆ. ಹಾಲಸಿದ್ದಪ್ಪ, "ಪರವಾಯಿಲ್ಲ ಬಿಡ್ರಿ, ಕಾಂತಪ್ಪ ಬಂದ್ರ ಸಾಕು," ಎಂದು ನನ್ನನ್ನೇ ಸುಮ್ಮನಾಗಿಸಿದರು. ಅಂಥ ತಾಳ್ಮೆ ಕಂಡರೆ ನನಗೆ ಮೈ ಉರಿಯುತ್ತದೆ.

ಸುಘೋಷರದ್ದು ಒಂದು ಪದ್ಧತಿ. ಅಚ್ಚಾಗಬೇಕಾದ ಹಾಳೆಯ ತಲೆಯ ಮೇಲೆ 'ಅಚ್ಚಿಗೆ' ಎಂದು ಬರೆಯಬೇಕು. ಕರಡಿನಲ್ಲಷ್ಟೇ ಇದ್ದರೆ ಸಾಕೆನ್ನುವ ಹಾಳೆಗೆ 'ಕರಡಿಗೆ' ಎಂದು. ನಾನು ಮೊದಲಿನದನ್ನು ಟೈಪ್ ಮಾಡುತ್ತಿದ್ದೆ, ಎರಡನೆಯದನ್ನು ಡ್ರಾಯರಿಗೆ ಹಾಕುತ್ತಿದ್ದೆ. ಟೈಪ್ ಆದದ್ದನ್ನು ಸುಘೋಷ ತಾವೇ ತಿದ್ದಿ ಅಚ್ಚಿಗೆ ಕಳಿಸಿದರು. ಬರೆದವರಿಗೆ ಒಮ್ಮೆಯೂ ತೋರಿಸಲಿಲ್ಲ.

ಬಿಡುಗಡೆಯ ದಿನ ಮಧ್ಯಾಹ್ನ ನಾವಿಬ್ಬರೂ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಹಾಲಸಿದ್ದಪ್ಪ ಪುಟ ತಿರುಗಿಸುತ್ತಾ ಹೋಗಿ ಒಂದು ಕಡೆ ನಿಂತರು. ಪಾದ್ರಿಯ ಮಾತು ಹೀಗಿತ್ತು: 'ಅಯ್ಯನ ಕೊರಳಲ್ಲಿ ಬೆಳ್ಳಿಯ ನಶ್ಯದ ಡಬ್ಬಿ ತೂಗುತ್ತದೆ. ಈ ಏಳು ವರ್ಷದಲ್ಲಿ ಒಂದು ಚಿಟಿಕೆಯನ್ನೂ ನನಗೆ ಕೊಟ್ಟಿಲ್ಲ.' ಕೆಳಗೆ ಸುಘೋಷರ ಅಡಿಟಿಪ್ಪಣಿ: 'ಗ್ರೇಲಿಯ ಗುರು ಒಬ್ಬ ಅಯ್ಯರ್. ನಶ್ಯದ ಚಟದವನು, ಜಿಪುಣನೂ ಇದ್ದಿರಬೇಕು.'

ಹಾಲಸಿದ್ದಪ್ಪನವರ ಕೈ ಅಂಗಿಯ ಮೇಲಿಂದಲೇ ಎದೆಯ ಮೇಲಿದ್ದ ಲಿಂಗದ ಕಡೆ ಹೋಯಿತು. "ಕೊರಳಾಗ ಲಿಂಗ ಕಟ್ಟಿಕೊಂಡ ಜಂಗಮ ರೀ ಅಂವ," ಅಂದರು. "ಊರಾಗ ಅವ್ರಿಗೆ ಅಯ್ಯ ಅಂತೀವಿ. ಆ ಪಾದ್ರಿಗೆ ತಿಳೀಲಿಲ್ಲ. ಇವ್ರು ಅಯ್ಯರ್ ಮಾಡಿ, ಮ್ಯಾಲ ನಶ್ಯಾ ಏರಿಸಿ ಕೂಡಿಸ್ಯಾರ. ನಾ ಇದನ್ನ ಒಂದು ಹಾಳಿ ತುಂಬ ಬರದು ಕೊಟ್ಟಿದ್ದೆ."

ವೇದಿಕೆಯಲ್ಲಿ ಸುಘೋಷರಿಗೆ ಶಾಲು ಹೊದಿಸುತ್ತಿದ್ದರು.

ಮಾರನೆಯ ದಿನವೇ ಇಬ್ಬರೂ ಅವರ ಕೋಣೆಗೆ ಹೋದೆವು. ಹಾಲಸಿದ್ದಪ್ಪ ಕೇಳಿದ್ದು ಒಂದೇ: ಒಂದು ತಿದ್ದುಪಡಿ ಚೀಟಿ ಅಚ್ಚುಹಾಕಿಸಿ ಪ್ರತಿಗಳಲ್ಲಿ ಅಂಟಿಸಬೇಕು.

"ಅಂಥ ಹಾಳೆ ನನ್ನ ಕೈಗೆ ಬಂದೇ ಇಲ್ಲ," ಎಂದರು ಸುಘೋಷ. "ಪುಸ್ತಕ ಬಂದ ಮೇಲೆ ಹೊಳೆದದ್ದನ್ನು ಮೊದಲೇ ಬರೆದಿದ್ದೆ ಅಂತ ಹೇಳೋದು ನಿಮ್ಮ ವಯಸ್ಸಿಗೆ ಶೋಭೆಯಲ್ಲ."

"ನಾ ಸುಳ್ಳು ಹೇಳಾಂವಲ್ಲ ರೀ ಸರ."

"ಹಾಗಾದರೆ ಹಾಳೆ ತೋರಿಸಿ."

ಎರಡು ತಿಂಗಳು ಇದೇ ಮಾತು. ವಿಭಾಗದ ಸಭೆಯಲ್ಲೂ ಸುಘೋಷ ನಗುತ್ತಾ, "ನಮ್ಮ ಹಾಲಸಿದ್ದಪ್ಪನವರಿಗೆ ಕಾಣದ ಹಾಳೆಗಳು ಕಾಣ್ತವೆ," ಎಂದರು. ನಾಲ್ಕು ಜನ ನಕ್ಕರು. ಮೂವತ್ತೊಂದು ವರ್ಷ ಒಂದು ಅಕ್ಷರ ಹೆಚ್ಚುಕಮ್ಮಿ ಮಾಡದ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು. ನಾನು ಎದ್ದು ನಿಂತು, "ನೀವು ಕದ್ದ ಪುಸ್ತಕ ಸಾರ್ ಅದು. ಕದ್ದದ್ದನ್ನಾದರೂ ಸರಿಯಾಗಿ ಓದಬೇಕಿತ್ತು," ಅಂದುಬಿಟ್ಟೆ. ಮೆಮೊ ಬಂತು. ಬರಲಿ ಎಂದು ಹರಿದು ಬಿಸಾಕಿದೆ. ಆ ಹಾಳೆಯನ್ನು ಸುಘೋಷರೇ ಹರಿದುಹಾಕಿದ್ದಾರೆ ಎಂದು ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ನಾನು ಟೈಪ್ ಮಾಡಿದ ನೂರಾರು ಹಾಳೆಗಳಲ್ಲಿ ಅದೂ ಒಂದು ಎಂದೇ ನಂಬಿದ್ದೆ, ನನ್ನ ಡ್ರಾಯರಿನಲ್ಲಿ ಹುಡುಕಬೇಕೆಂದು ಹೊಳೆಯಲೇ ಇಲ್ಲ. ಹಾಲಸಿದ್ದಪ್ಪ ಹಾಗೆ ತಲೆ ತಗ್ಗಿಸಿಕೊಂಡೇ ಆ ತಿಂಗಳ ಕೊನೆಗೆ ನಿವೃತ್ತರಾದರು.

ಅವರು ಹೋದ ಮುಂದಿನ ವಾರ ಹೊಸ ಕೆಲಸಕ್ಕೆ ಜಾಗ ಬೇಕೆಂದು ನನ್ನ ಡ್ರಾಯರ್ ಖಾಲಿ ಮಾಡಲು ಕೂತೆ. ತಳದಲ್ಲಿ ಒಂದು ಹಾಳೆ. ಹಾಲಸಿದ್ದಪ್ಪನವರ ದುಂಡನೆಯ ಅಕ್ಷರ. ತಲೆಯ ಮೇಲೆ 'ಅಚ್ಚಿಗೆ' ಎಂದಿರಲಿಲ್ಲ, 'ಇದು ಕರಡಿಗೆ' ಎಂದಿತ್ತು. ಅದರ ಕೆಳಗೆ ಹಾಳೆ ತುಂಬ ಬರಹ. ಮೊದಲಿಗೇ: 'ಪಾದ್ರಿ ನಶ್ಯದ ಡಬ್ಬಿ ಎಂದುಕೊಂಡಿರುವುದು ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆ. ಕಾಂತಪ್ಪ ಜಂಗಮನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.'

ನಾನು ತಲೆಯ ಮೇಲಿನ ಎರಡು ಪದ ಓದಿದ್ದೆ. ಕರಡಿಗೆ, ಅಚ್ಚಿಗಲ್ಲ ಎಂದುಕೊಂಡು ಡ್ರಾಯರಿಗೆ ಹಾಕಿದ್ದೆ. ಮೂರನೆಯ ಪದ ಓದುವ ಗೋಜಿಗೇ ಹೋಗಿರಲಿಲ್ಲ. ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸಿತು.

ಹಾಳೆ ತೆಗೆದುಕೊಂಡು ಮೊದಲು ಸುಘೋಷರ ಹತ್ತಿರ ಹೋಗಿ ತಪ್ಪು ನನ್ನದೆಂದೆ. ಅವರಿಗೆ ಮೈಮೇಲಿನ ಭಾರ ಇಳಿದ ಹಾಗಾಯಿತು. "ಟೈಪಿಸ್ಟ್ ಕೈತಪ್ಪು, ಅಷ್ಟೇ ತಾನೇ. ಮುಂದಿನ ಮುದ್ರಣದಲ್ಲಿ ನೋಡೋಣ," ಎಂದರು. ಅವರು ಹಾಳೆಯನ್ನು ಓದಲಿಲ್ಲ. ಅಡಿಟಿಪ್ಪಣಿ ಎಲ್ಲಿಂದ ಹುಟ್ಟಿಸಿದಿರಿ ಎಂದು ಕೇಳಲು ಬಾಯಿ ತೆರೆದೆ. ಎರಡು ತಿಂಗಳು ಅವರ ಮುಖಕ್ಕೆ ಹೊಡೆದ ಹಾಗೆ ಮಾತಾಡಿದವಳು ಆ ದಿನ ಕೇಳದೆ ಹಾಳೆ ಮಡಚಿಕೊಂಡು ಹೊರಬಂದೆ.

ಅಲ್ಲಿಂದ ವೆಸ್ಟ್ ಮಾಂಬಲಂಗೆ ಹೋದೆ. ಹಾಲಸಿದ್ದಪ್ಪನವರ ಹೆಂಡತಿ ಬಸವಣ್ಣೆಮ್ಮ ಬಾಗಿಲು ತೆಗೆದು, "ಬರ್ರಿ, ಉಕ್ಕಾರುಂಗ," ಎಂದು ಕನ್ನಡದಲ್ಲಿ ಕರೆದು, ತಮಿಳಿನಲ್ಲಿ ಕೂರಲು ಹೇಳಿ ಕಾಫಿಗಿಡಲು ಹೋದರು. ನಾನು ಹಾಳೆಯನ್ನು ಹಾಲಸಿದ್ದಪ್ಪನವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು, ಪರವಾಯಿಲ್ಲ ಬಿಡ್ರಿ, ಅನ್ನುತ್ತಾರೆ ಎಂದೇ ಕಾದಿದ್ದೆ. ಅನ್ನಲಿ ಎಂದೇ ಅಷ್ಟು ದೂರ ಹೋಗಿದ್ದೆ.

ಅನ್ನಲಿಲ್ಲ. ಅವರು ಬರೀ ಬನಿಯನ್ನಿನಲ್ಲಿದ್ದರು. ಕೊರಳಲ್ಲಿ ಬೆಳ್ಳಿಯ ಕರಡಿಗೆ ತೂಗುತ್ತಿತ್ತು. ಅದನ್ನು ಹಿಡಿದುಕೊಂಡರು.

"ಇದಕ್ಕ ಏನಂತಾರ ರೀ ತುಂಗಾ?"

"ಕರಡಿಗೆ, ಸಾರ್."

"ಈಗ ಕಲತ್ರಿ."

ಲಿಂಗ ಕಟ್ಟಿಕೊಂಡವರು ಎಂದು ನನಗೆ ಗೊತ್ತಿತ್ತು. ಆ ಬೆಳ್ಳಿಯ ಡಬ್ಬಿಗೊಂದು ಹೆಸರಿದೆಯೇ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ಆ ಪಾದ್ರಿ ಏಳು ವರ್ಷ ಎದುರು ಕುಂತ, ಕೇಳಲಿಲ್ಲ," ಅಂದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅಂವ ಇಂಗ್ಲೆಂಡಿನಾಂವ, ಅಂವಗ ಕನ್ನಡ ಪೂರಾ ಬರತಿರಲಿಲ್ಲ. ನಿಮಗ ಬರತದಲ್ಲ?"

ಬಸವಣ್ಣೆಮ್ಮ ಕಾಫಿ ತಂದಿಟ್ಟರು. ಯಾರೂ ಕುಡಿಯಲಿಲ್ಲ.