ಜೊತೆಗೆ ಹೋಗುವವಳು

ನಮ್ಮ ಮನೆತನದ ಹೆಂಗಸರು ಆಸ್ಪತ್ರೆಗೆ ಹೋಗುವುದು ಎರಡೇ ಕಾರಣಕ್ಕೆ: ಹೆರಿಗೆಗೆ, ಇಲ್ಲವೇ ಇನ್ನೊಬ್ಬರ ಜೊತೆಗೆ. ಏನೂ ಆಗದಿದ್ದಾಗಲೂ ಒಮ್ಮೆ ಹೋಗಿ ಬರಬಹುದು ಎಂದರೆ, ಇಲ್ಲದ ಕಾಯಿಲೆಯನ್ನು ಮನೆಗೆ ಕರೆಯುತ್ತೀಯಾ ಎಂದು ನನ್ನನ್ನೇ ಗದರುತ್ತಾರೆ. ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಬಹುಮಾನ ಹೊಡೆದವಳು ನಾನು, ದೇವರಿಗೂ ಪುರಾವೆ ಕೇಳುವವಳು. ಆದರೂ ಗೌಡಗೆರೆಯ ನಮ್ಮತ್ತೆಯ ಮುಂದೆ ನನ್ನ ವಾದ ಒಂದು ದಿನವೂ ನಿಂತಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ನೆಂಟರಲ್ಲಿ ಯಾರಿಗೆ ಆಸ್ಪತ್ರೆ ಎಂದರೂ ಮೊದಲು ಹೊರಡುವುದು ಅವಳ ಫ್ಲಾಸ್ಕು. ಕೂಸುಗಳಿಗೆ ಚುಚ್ಚುಮದ್ದು, ಮೈನೆರೆದ ನನಗೆ ರಕ್ತ ಕಡಿಮೆಯೆಂದು ಮಾತ್ರೆ, ಸೊಸೆಯಂದಿರ ಹೆರಿಗೆ, ಸೊಂಟ ಮುರಿದ ಅವಳತ್ತೆಯ ಆಪರೇಷನ್ನು. ಹೆಣ್ಣಿನ ಆಯಸ್ಸಿನ ಯಾವ ಘಟ್ಟವೂ ಅವಳಿಲ್ಲದೆ ದಾಟಿಲ್ಲ. ಶಿರಾ, ಮಧುಗಿರಿಯ ಆಸ್ಪತ್ರೆಗಳಲ್ಲಿ ಯಾವ ಬೆಂಚಿಗೆ ಗಾಳಿ ಬರುತ್ತದೆಂದು ಅವಳಿಗೆ ಗೊತ್ತು. ಬೆಂಚಿನಿಂದಾಚೆ, ಒಳಗೆ, ಅವಳ ಹೆಸರನ್ನು ಯಾರೂ ಕೂಗಿರಲಿಲ್ಲ ಅಷ್ಟೆ.

ಬರಗೂರಿನಲ್ಲಿ ಒಮ್ಮೆ ಹೆಂಗಸರಿಗೆಂದೇ ತಪಾಸಣಾ ಶಿಬಿರ ನಡೆಯಿತು. ಸಿಸ್ಟರ್ ಅತ್ತೆಯ ಬೆರಳು ಹಿಡಿದು ಚುಚ್ಚುವಷ್ಟರಲ್ಲಿ ಅವಳು ಕೈ ಕಿತ್ತುಕೊಂಡು ಪಕ್ಕದವಳನ್ನು ಮುಂದೆ ತಳ್ಳಿದಳು: "ಇವಳಿಗೆ ನೋಡವ್ವ, ನಾನು ಜೊತೆಗೆ ಬಂದಿರೋಳು."

"ಅತ್ತೆ, ನಿಂದೂ ನೋಡಿಸ್ಕೊಂಡ್ರೆ ಏನು ಗಂಟು ಹೋಗುತ್ತೆ?" ಅಂದೆ.

"ಲೇ, ನಂಗೂ ಏನಾರ ಐತೆ ಅಂತ ಹೇಳ್ಬುಟ್ರೆ ನಿಮ್ ಜೊತೆಗೆ ಯಾರೇ ಬರ್ತಾರೆ? ಬಾಯೈತೆ ಅಂತ ಆಡ್ಬೇಡ, ಸುಮ್ಕಿರು."

ಹಿಂದಿನ ತರ್ಕಶಾಸ್ತ್ರಿಗಳು ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಿದರು. ಆದರೆ ಹೊಗೆಯಿಲ್ಲದ ಕಡೆ ಬೆಂಕಿಯೂ ಇಲ್ಲ ಎಂದುಬಿಡುವಷ್ಟು ಅವಸರದವರಲ್ಲ ಅವರು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ ಎಂದು ತಾವೇ ಕೇಳಿಕೊಂಡರು. ನೋವಿಲ್ಲ, ಆದ್ದರಿಂದ ಕಾಯಿಲೆಯೂ ಇಲ್ಲ ಎನ್ನುವ ನಮ್ಮ ಮನೆಯವರಿಗೆ ಈ ಗುಂಡನ್ನು ತೋರಿಸಿದೆ. "ಓದ್ಕೊಂಡವಳೆ, ಬುಡು" ಅಂದರು.

ಹೋದ ಬೇಸಿಗೆಯಲ್ಲಿ ಕೊರಟಗೆರೆಯ ನನ್ನಕ್ಕನನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯಬೇಕಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಬೋರ್ಡು ನೋಡಿ, ಫ್ಲಾಸ್ಕು ಮಡಿಲಲ್ಲಿಟ್ಟು, ಎದುರು ದಿಕ್ಕಿಗೆ ಹೋಗುವ ಪಾವಗಡದ ಬಸ್ಸಿನಲ್ಲಿ ಕುಳಿತುಬಿಟ್ಟಳು. "ಎಕ್ಕಡಿಕಮ್ಮಾ?" ಎಂದು ಎಲ್ಲಿಗೆಂದು ತೆಲುಗಿನಲ್ಲಿ ಕೇಳಿದ ಕಂಡಕ್ಟರಿಗೆ "ಕೊರಟಗೆರೆಗೆ" ಅಂದಾಗ ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕಳಂತೆ. ನನಗೆ ಮಾತ್ರ ನಗು ಬರಲಿಲ್ಲ. ಊರಿಗೆಲ್ಲ ಬಸ್ಸು ತೋರಿಸುತ್ತಿದ್ದವಳಿಗೆ ಬೋರ್ಡೇ ಕಾಣಿಸಿರಲಿಲ್ಲ.

ಕಣ್ಣು ತೋರಿಸಿದಾಗ ತಿಳಿಯಿತು: ಸಕ್ಕರೆ ಕಾಯಿಲೆ. ಎಷ್ಟೋ ವರ್ಷದ್ದು ಇರಬೇಕು ಅಂದರು ಡಾಕ್ಟರು. ಎಡಗಣ್ಣಿನಲ್ಲಿ ಹೋದ ನೋಟ ಹಿಂದಕ್ಕೆ ಬರುವುದಿಲ್ಲ. ತಪ್ಪದೆ ಬಂದು ತೋರಿಸಿದರೆ ಬಲಗಣ್ಣು ಉಳಿಯುತ್ತದೆ. ಬೆರಳ ತುದಿಯ ಒಂದು ಹನಿ ರಕ್ತ ಹೇಳುತ್ತಿದ್ದ ಸುದ್ದಿ ಒಂದು ಕಣ್ಣಿನ ಬೆಲೆಗೆ ಸಿಕ್ಕಿತು. ಈಗನಿಸುತ್ತದೆ: ಅತ್ತೆ ಶಿಬಿರದಲ್ಲಿ ಕೇಳಿದ್ದು ವಾದವೇ ಅಲ್ಲ, ನಿಜವಾದ ಪ್ರಶ್ನೆ. ಜೊತೆಗೆ ಯಾರು ಬರುತ್ತಾರೆ? ಇಷ್ಟು ದೊಡ್ಡ ಮನೆತನದಲ್ಲಿ ಅವಳಿಗೆ ಬುದ್ಧಿ ಹೇಳಿದವರು ಬೇಕಾದಷ್ಟಿದ್ದೆವು. "ನಡಿ, ನಾನು ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದವರಿಲ್ಲ.

ಈಗ ನಾನು ಮೆಟ್ಟುತ್ತೇನೆ. ಹೋದ ಸಲ ಆಸ್ಪತ್ರೆಯಿಂದ ಮರಳುವಾಗ ಅವಳ ಫೋನು ಬಡಿದುಕೊಂಡಿತು. ಪಕ್ಕದ ಮನೆಯ ರತ್ನಮ್ಮ. ಮುಂದಿನ ಶುಕ್ರವಾರ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ, ಅತ್ತೆ ಬರಬೇಕಂತೆ.

ಅತ್ತೆ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಅಂದಳು:

"ಶುಕ್ರವಾರ ಆಗಕಿಲ್ಲ ಕಣಮ್ಮ, ಅವತ್ತು ನಂದೇ ಐತೆ. ಸೊಸೆ ಕರ್ಕೊಂಡು ನೀನೇ ನನ್ ಜೊತೆಗೆ ಬಾ. ಅಂಗೇ ನಿಂದೂ ತೋರುಸ್ಬುಡಾನ."