ಇಳಿದದ್ದು ಹತ್ತು, ಏರಬೇಕಾದದ್ದು ಹನ್ನೊಂದು

ಗಿರಿಜಮ್ಮ ಸಿಸ್ಟರ್ ಯಸಳೂರಿನ ಹೋಟೆಲಿನಲ್ಲಿ ಕೂತು, ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಕಾಫಿ ಅಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹತ್ತು ಎಂ.ಎಲ್. ಸಿರಿಂಜು, ಒಂಬತ್ತು ಸಲ ಎಳೆದು ಒಂಬತ್ತು ಸಲ ಬೇರೆ ಲೋಟಕ್ಕೆ ಬಿಟ್ಟರು. ಹೋಟೆಲಿನವನು ಆ ವಾರ ಸಣ್ಣ ಲೋಟ ತಂದಿದ್ದ. ರೇಟು ಮಾತ್ರ ಏರಿಸಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದ.

"ನೂರಿಪ್ಪತ್ತು ಇದ್ದಿದ್ದು ತೊಂಬತ್ತಾಗೈತೆ. ಕಾಫಿ ಇಳಿದಿದ್ದು ಇಪ್ಪತ್ತೈದು ಪರ್ಸೆಂಟು. ಮೊದಲಿನಷ್ಟೇ ಕುಡೀಬೇಕು ಅಂದ್ರೆ ನಾನು ಮೂವತ್ಮೂರು ಪರ್ಸೆಂಟ್ ಜಾಸ್ತಿ ಕೊಡ್ಬೇಕು. ಏರಿಸಿಲ್ಲ ಅಂತೀಯಲ್ಲೋ ಮಾರಾಯ!"

ಅಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಅದನ್ನೇ ಕುಡಿದು, ದುಡ್ಡು ಕೊಟ್ಟು, ಬಸ್ ಹತ್ತಿದರು.

ಸುತ್ತಲ ಹಳ್ಳಿಗಳಿಗೆಲ್ಲ ಅವರೊಬ್ಬರೇ ನರ್ಸ್. ತಲೆನೋವು ಅರ್ಧ ಕಡಿಮೆಯಾಗಿದೆ ಎಂದವರನ್ನು "ನಿನ್ನೇದರ ಮೇಲೋ, ಮೊನ್ನೇದರ ಮೇಲೋ?" ಎಂದು ಕೇಳುತ್ತಿದ್ದರು. ಪಾಪ, ಜನ ಪೂರ್ತಿ ವಾಸಿಯಾಯಿತೆಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ನನಗೂ ಅವರ ಲೆಕ್ಕ ಬೇಸರವೇ ಆಗಿತ್ತು, ನನ್ನ ಮಗಳು ಹುಟ್ಟುವ ತನಕ.

ಹುಟ್ಟಿದಾಗ ಅವಳು ಸರಿಯಾಗಿ ಮೂರು ಕೆಜಿ. ನಾಲ್ಕನೇ ದಿನ ಸಿಸ್ಟರ್ ನಮ್ಮ ಮನೆಗೆ ಬಂದು, ತಕ್ಕಡಿಯ ಕೊಕ್ಕೆಗೆ ಬಟ್ಟೆಯ ಜೋಲಿ ಸಿಕ್ಕಿಸಿ ತೂಗಿದರು. ಎರಡು ಕೆಜಿ ಏಳುನೂರು ಗ್ರಾಂ.

"ಮೊದಲನೇ ವಾರ ಮಕ್ಳು ಇಳೀತವೆ ಕಣವ್ವ. ಇದು ಹತ್ತು ಪರ್ಸೆಂಟ್ ಇಳಿದೈತೆ, ಇನ್ನು ಇಳೀಬಾರ್ದು. ಎರಡೆರಡು ಗಂಟೆಗೆ ಹಾಲು ಕುಡಿಸು. ನಾಳಿದ್ದು ಬರ್ತೀನಿ, ಆಗ್ಲೂ ಇಳಿದಿದ್ರೆ ಸಕಲೇಶಪುರದ ಆಸ್ಪತ್ರೆಗೆ ಹೊರಡೋದೇ. ಹುಟ್ಟಿದ ತೂಕ ಮುಟ್ಟೋಕೆ ಏರಬೇಕಾಗಿರೋದು ಹನ್ನೊಂದು ಪರ್ಸೆಂಟ್."

"ಇಳಿದಿದ್ದು ಹತ್ತಲ್ವಾ ಸಿಸ್ಟರ್?"

"ಗ್ರಾಂ ಎರಡಕ್ಕೂ ಒಂದೇ. ಆದ್ರೆ ಇಳಿಯೋವಾಗ ಮಗು ಮೂರು ಕೆಜಿ ಇತ್ತು, ಈಗ ಅಷ್ಟಿಲ್ವಲ್ಲ. ಸಣ್ಣ ಮೈಗೆ ಅದೇ ಮುನ್ನೂರು ಗ್ರಾಂ ಜಾಸ್ತಿ ಕೆಲಸ."

ಆ ಎರಡು ದಿನ ನಾನು ಗಡಿಯಾರ ನೋಡಿದಷ್ಟು ಮಗುವಿನ ಮುಖವನ್ನೂ ನೋಡಲಿಲ್ಲ.

ಮತ್ತೆ ತೂಗಿದಾಗ ಎರಡು ಕೆಜಿ ಎಂಟುನೂರ ಮೂವತ್ತೈದು ಬಂತು. ನಮ್ಮವ್ವ ದೇವರಿಗೆ ಕೈಮುಗಿದಳು. ಸಿಸ್ಟರ್ ನಗಲಿಲ್ಲ. "ಎರಡು ದಿನಕ್ಕೆ ಐದು ಪರ್ಸೆಂಟಾ?" ಎಂದವರೇ ಜೋಲಿ ಬಿಚ್ಚಿದರು. ಒಳಗೆ ಉಲ್ಲನ್ ಸ್ವೆಟರು, ಟೋಪಿ, ಎರಡು ಬೆಳ್ಳಿ ಕಾಲ್ಗಡಗ.

"ಚಳಿ ಅಲ್ವಾ ಸಿಸ್ಟ್ರೇ," ಎಂದಳು ಅವ್ವ.

"ಕಾಲ್ಗಡಗಾನೂ ಚಳಿಗೇನಾ?"

ಎಲ್ಲ ಬಿಚ್ಚಿ ತೂಗಿದರೆ ಎರಡು ಕೆಜಿ ಏಳುನೂರ ಇಪ್ಪತ್ತು. "ಮುಕ್ಕಾಲು ಪರ್ಸೆಂಟ್ ಏರೈತೆ. ಸಕಲೇಶಪುರ ಬೇಡ," ಎಂದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಅವ್ವ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಆಮೇಲೆ ದಿನ ಬಿಟ್ಟು ದಿನ ಬಂದರು. ಮಗುವಿನ ಹದಿನೈದನೇ ದಿನವೇ ಅವರ ನಿವೃತ್ತಿ. ಹೊದಿಸಿದ ಶಾಲು, ಹಾರದ ಸಮೇತ ಸೀದಾ ನಮ್ಮ ಮನೆಗೇ ಬಂದರು. ಆಫೀಸಿಗೆ ತಕ್ಕಡಿ ಒಪ್ಪಿಸುವುದೊಂದು ಬಾಕಿಯಿತ್ತಂತೆ. ಮಾರನೇ ದಿನ ಕುಂದೂರಿನ ತಂಗಿಯ ಮನೆಗೆ ಹೊರಟವರನ್ನು ನಾನು ಮತ್ತೆ ನೋಡಲಿಲ್ಲ.

ಅವತ್ತು ಕೊನೇ ಸಲ ತೂಗಿದರು. "ಮೂರು ಕೆಜಿ. ಹುಟ್ಟಿದ ದಿನದ ಮೇಲೆ ಲೆಕ್ಕ ಹಾಕಿದ್ರೆ ಏರಿಕೆ ಸೊನ್ನೆ ಪರ್ಸೆಂಟ್," ಎಂದರು.

ಇಳಿದದ್ದೆಲ್ಲ ತುಂಬಿಬಂದ ಆ ಸೊನ್ನೆ ಕೇಳಿ ನಾನು ಗೊಳೋ ಎಂದು ಅತ್ತುಬಿಟ್ಟೆ. ಸಿಸ್ಟರ್ ಮಗುವನ್ನು ನನ್ನ ಮಡಿಲಿಗೆ ಹಾಕಿ, ತಾಯಿ ಕಾರ್ಡಿನಲ್ಲಿ ತೂಕ ಬರೆದು, ಪೆನ್ನಿನ ಮುಚ್ಚಳ ಹಾಕಿದರು.

"ಇನ್ನು ಬರೋದೆಲ್ಲ ಏರಿಕೇನೇ ಕಣವ್ವ. ನೋಡೋಕೆ ನಾನಿರಲ್ಲ, ಅಷ್ಟೇ."