ಹೊನ್ನೂರಮ್ಮ ‘ಆರ್-ಟೂ’ ಆದದ್ದು

ಕೊರೊನಾ ಮುಗಿದು ಕಾಲೇಜುಗಳು ಪೂರ್ತಿಯಾಗಿ ತೆರೆದ ವರ್ಷ ನನಗೆ ನಲವತ್ತಾರು. ಮಡಕಶಿರಾದ ಒಂದು ಖಾಸಗಿ ಕಾಲೇಜಿನಲ್ಲಿ ವಸ್ತ್ರವಿನ್ಯಾಸದ ಉಪನ್ಯಾಸಕಿಯಾಗಿ ಹದಿನೆಂಟು ವರ್ಷ ಕಳೆದಿದ್ದೆ. ಪಿಎಚ್.ಡಿ. ಇಲ್ಲದವರನ್ನು ಮುಂದುವರಿಸುವುದು ಕಷ್ಟ ಎಂದು ಆಡಳಿತ ಮಂಡಳಿ ತಿಳಿಸಿದಾಗ, ಪಾಠ ಹೇಳುತ್ತಿದ್ದ ನಾನು ಮತ್ತೆ ವಿದ್ಯಾರ್ಥಿನಿಯಾದೆ.

ನನ್ನ ಗೈಡ್ ದೂರದ ವಿಶ್ವವಿದ್ಯಾಲಯವೊಂದರ ಪ್ರಾಧ್ಯಾಪಕರು. ಅವರು ಚೆನ್ನಾಗಿ ಕಲಿಸುತ್ತಿದ್ದರು ಎಂಬುದನ್ನು ಈಗಲೂ ಮರೆಮಾಚಲಾರೆ. ‘ಪ್ರಾಕ್ಟೀಸ್-ಲೆಡ್ ರಿಸರ್ಚ್’ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರಿಂದಲೇ. ನಾವೇ ಕೈಯಾರೆ ಒಂದನ್ನು ಮಾಡುತ್ತ, ಮಾಡುವುದರಿಂದಲೇ ಹೊಸದನ್ನು ಕಂಡುಕೊಂಡು, ಬಂದ ದಾರಿಯನ್ನು ಇನ್ನೊಬ್ಬರು ಪರೀಕ್ಷಿಸುವಂತೆ ಬರೆದಿಡುವುದು ಎಂದು ಅದರ ಅರ್ಥ. ಇಪ್ಪತ್ತೈದು ವರ್ಷ ಕತ್ತರಿ ಹಿಡಿದ ಕೈಗೆ ಇಂಥದ್ದೊಂದು ಗೌರವ ಸಿಗಬಹುದೆಂದು ನಾನು ಎಣಿಸಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ಭಕ್ತಿಯಿಂದ ಬರೆದುಕೊಂಡೆ.

ರಾಯದುರ್ಗದ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ತುಂಡು ಬಟ್ಟೆ ನನ್ನ ವಿಷಯವಾಗಿತ್ತು. ಆ ತುಂಡುಗಳಿಂದ ಕೌದಿ ಹೊಲಿಯಲು ಸಾಧ್ಯವೇ ಎಂದು ನೋಡಬೇಕಿತ್ತು. ಹಳೆ ಸೀರೆಯ ಕೌದಿ ಎಲ್ಲರಿಗೂ ಗೊತ್ತು. ಜೀನ್ಸ್ ಬಟ್ಟೆಯದು ಬೇರೆ ಕಷ್ಟ. ಅಂಚು ಮಡಿಸಿ ಜೋಡಿಸಿದರೆ ಒಂದೇ ಕಡೆ ನಾಲ್ಕು ಪದರ ಸೇರಿ ಸೂಜಿ ಮುರಿಯುತ್ತದೆ. ಮೊದಲ ತಿಂಗಳಲ್ಲಿ ನಾನು ಹನ್ನೊಂದು ಸೂಜಿ ಮುರಿದಿದ್ದೆ. ಹೆಬ್ಬೆರಳು ಹುಣ್ಣಾಗಿತ್ತು.

ಘಟಕವೊಂದರ ಮೇಸ್ತ್ರಿ ನನ್ನನ್ನು ಹೊನ್ನೂರಮ್ಮನ ಮನೆಗೆ ಕಳಿಸಿದರು. ಐವತ್ತೈದರ ಹೆಂಗಸು, ಕಾಜಾ-ಗುಂಡಿ ಕೆಲಸದಲ್ಲಿದ್ದವರು. ನನ್ನ ಬೆರಳು ನೋಡಿ ಮೊದಲು ಅರಿಸಿನ ಹಚ್ಚಿದರು, ಆಮೇಲೆ ತಮ್ಮ ಕೌದಿಯನ್ನು ಬಿಡಿಸಿ ತೋರಿಸಿದರು. ಪ್ರತಿ ತುಂಡಿನ ಅಂಚಿನಲ್ಲಿ ಬೆರಳಗಲ ಅಡ್ಡ ಎಳೆಗಳನ್ನು ಬಿಚ್ಚಿ ತೆಗೆದು, ಉಳಿದ ನೂಲುಗಳನ್ನು ಪಕ್ಕದ ತುಂಡಿನ ಮೇಲೆ ಹರಡಿ ಹೊಲಿದಿದ್ದರು. ಎಲ್ಲಿಯೂ ಮಡಿಕೆಯಿಲ್ಲ, ಉಬ್ಬಿಲ್ಲ. ನಾನು ಬೆರಗಾಗಿ ಕೂತೆ.

ಎಂಟು ತಿಂಗಳು, ಪ್ರತಿ ಶನಿವಾರ, ಎರಡು ಬಸ್ಸು ಬದಲಿಸಿ ರಾಯದುರ್ಗಕ್ಕೆ ಹೋಗಿ ಅವರ ಪಕ್ಕದಲ್ಲಿ ಕೂತು ಕಲಿತೆ. ಗೈಡ್ ಕೊಟ್ಟ ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಅವರಿಂದ ಸಹಿ ಪಡೆದೆ. ಅವರ ಮನೆಮಾತು ಕನ್ನಡವಾದರೂ ಆಂಧ್ರದ ಗಡಿ ಊರಾದ್ದರಿಂದ ಓದಿದ್ದು ತೆಲುಗು ಮೀಡಿಯಂ. ತೆಲುಗಿನಲ್ಲಿ ನಿಧಾನವಾಗಿ ಹೆಸರು ಬರೆದರು. ಅದರಲ್ಲೇನಿದೆ ಎಂದು ಅವರು ಕೇಳಲಿಲ್ಲ, ನಾನೂ ಓದಿ ಹೇಳಲಿಲ್ಲ. ಮಾಹಿತಿ ಕೊಟ್ಟವರ ಗುರುತು ಹೊರಬೀಳಬಾರದು, ಅದು ಅವರ ರಕ್ಷಣೆಗೆ ಎಂದು ಗೈಡ್ ಕಲಿಸಿದ್ದರಿಂದ, ನನ್ನ ನೋಟ್‌ಬುಕ್ಕುಗಳಲ್ಲಿ ‘ರೆಸ್ಪಾಂಡೆಂಟ್’ ಎಂಬುದರ ಮೊದಲಕ್ಷರ ಹಿಡಿದು ಮೇಸ್ತ್ರಿ ‘ಆರ್-ಒನ್’, ಹೊನ್ನೂರಮ್ಮ ‘ಆರ್-ಟೂ’ ಆದರು.

ಆ ನೋಟ್‌ಬುಕ್ಕುಗಳನ್ನು ಗೈಡ್ ನೋಡಲು ಕೇಳಿದರು, ಕೊಟ್ಟೆ. ವಿಭಾಗದ ಸಂಶೋಧನಾ ಸಮಿತಿಗೆ ತೋರಿಸಲು ಒಂದು ಕೌದಿಯೂ ಬೇಕೆಂದರು. ಮಗಳ ಹೆರಿಗೆಗೆಂದು ಹೊಲಿದಿಟ್ಟಿದ್ದ ಕೌದಿಯನ್ನು ಹೊನ್ನೂರಮ್ಮ ಮಡಿಸಿ ನನ್ನ ಕೈಗಿತ್ತರು.

ಎರಡು ತಿಂಗಳ ಮೇಲೆ ಹೋದಾಗ ಅವರು ಎಂದಿನಂತೆ ಬರ್ರಿ ಅನ್ನಲಿಲ್ಲ. ಮಗಳ ಮೊಬೈಲನ್ನು ನನ್ನ ಮುಂದೆ ಇಟ್ಟರು. ಯಾವುದೋ ನಗರದ ಪ್ರದರ್ಶನದ ವಿಡಿಯೋ. ಗೋಡೆಯ ಮೇಲೆ ಅವರ ಕೌದಿ, ಪಕ್ಕದಲ್ಲಿ ನನ್ನ ಗೈಡ್. ಮಡಿಕೆಯಿಲ್ಲದ ಈ ಜೋಡಣೆಯನ್ನು ತಾವು ಹಲವು ಪ್ರಯೋಗಗಳ ನಂತರ ರೂಪಿಸಿದ್ದಾಗಿ ವಿವರಿಸುತ್ತಿದ್ದರು. ಮುರಿದ ಹನ್ನೊಂದು ಸೂಜಿಗಳೂ ಅವರವೇ ಆಗಿದ್ದವು.

ಹೊನ್ನೂರಮ್ಮ ಕೂಗಾಡಲಿಲ್ಲ. “ನನ್ನ ಹೆಸರು ಹೇಳಾಕ ನಿಮಗ ನಾಚಿಕಿ ಆತೇನ್ರಿ ಮೇಡಂ?” ಎಂದರು.

ಅವರ ದೃಷ್ಟಿಯಲ್ಲಿ ಆ ಮನುಷ್ಯ ಬೇರೆ, ನಾನು ಬೇರೆ ಆಗಿರಲಿಲ್ಲ. ಗುರುತು ಮುಚ್ಚುವುದು ಸಂಶೋಧನೆಯ ನಿಯಮ ಎಂದು ತೊದಲಿದೆ.

“ಹೆಸರು ಮುಚ್ಚಾಕ ನಾನೇನು ಕಳ್ಳತನ ಮಾಡೀನೇನ್ರಿ?”



ಮರುವಾರ ಗೈಡ್ ಎದುರು ಕೂತೆ. ಅವರು ಸಿಟ್ಟಾಗಲಿಲ್ಲ, ಚಹಾ ತರಿಸಿದರು. ವಿದ್ಯಾರ್ಥಿಗಳ ಕೆಲಸ ಗೈಡ್ ಹೆಸರಲ್ಲಿ ಬರುವುದು ರೂಢಿ, ಮುಂದೆ ನಿಮಗೂ ಅವಕಾಶ ಬರುತ್ತದೆ ಎಂದರು. ಇದು ಹೊನ್ನೂರಮ್ಮನ ಕೆಲಸ ಎಂದು ನಾನು ಪಟ್ಟು ಹಿಡಿದಾಗ ನನ್ನ ನೋಟ್‌ಬುಕ್ಕುಗಳನ್ನೇ ಮುಂದೆ ತಳ್ಳಿ ಹೇಳಿದರು: “ಇದರಲ್ಲಿ ಆ ಹೆಸರೆಲ್ಲಿದೆ, ತೋರಿಸಿ.”

ಅಷ್ಟು ಪುಟಗಳಲ್ಲಿ ಒಂದು ಕಡೆಯೂ ಇರಲಿಲ್ಲ. ಹೊನ್ನೂರಮ್ಮನನ್ನು ಅಳಿಸಿದವಳು ನಾನು. ಆ ಖಾಲಿ ಜಾಗದಲ್ಲಿ ಗೈಡ್ ಬಂದು ಕೂತಿದ್ದರು, ಅಷ್ಟೇ. ಗುರುವೆಂದು ನಂಬಿದವರು ಮೋಸ ಮಾಡಿದ ನೋವಿಗಿಂತ, ಆ ಮೋಸಕ್ಕೆ ಬೇಕಾದ್ದನ್ನೆಲ್ಲ ನಾನೇ ಅಚ್ಚುಕಟ್ಟಾಗಿ ಒದಗಿಸಿಕೊಟ್ಟಿದ್ದೆ ಎಂಬುದು ಹೆಚ್ಚು ಸುಟ್ಟಿತು.

ವಿಭಾಗಕ್ಕೆ ದೂರು ಕೊಟ್ಟೆ. ಒಪ್ಪಿಗೆ ಪತ್ರ ಸರಿಯಾಗಿದೆ, ಮಾಹಿತಿಯೆಲ್ಲ ಗೈಡ್ ಯೋಜನೆಗೆ ಸೇರಿದ್ದು ಎಂದು ಸಮಿತಿ ಹೇಳಿತು. ಹಟ ಮಾಡಿ ಪಡೆದದ್ದು ಕೌದಿಯೊಂದನ್ನೇ. ಅದನ್ನು ಹಿಂದಿರುಗಿಸುವಷ್ಟರಲ್ಲಿ ಹೆರಿಗೆಯಾಗಿ, ಮಗು ಅಂಗಡಿಯ ಹೊದಿಕೆಯಲ್ಲಿ ಮಲಗಿತ್ತು. ಹೊನ್ನೂರಮ್ಮ ಕೌದಿಯನ್ನು ಬಿಸಿಲಿಗೆ ಹಾಕಿ ಒಳಗೆ ಹೋದರು.

ಗೈಡ್ ಬದಲಿಸಿ ಎರಡು ವರ್ಷ ಹಿಂದೆ ಬಿದ್ದೆ. ಆದರೂ ಪ್ರಬಂಧ ಸಿದ್ಧವಾಯಿತು. ಈ ಸಲ ಒಪ್ಪಿಗೆ ಪತ್ರವನ್ನು ತೆಲುಗಿನಲ್ಲಿ ಬರೆಸಿದ್ದೆ. ಹೊನ್ನೂರಮ್ಮ ಅದನ್ನು ಎರಡು ಸಲ ಓದಿ, ಹೆಸರು ಇರಲೇಬೇಕೆಂಬ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಹಾಕಿದ್ದರು. ಸಲ್ಲಿಸುವ ಮುಂಚೆ ಅವರ ಕುರಿತ ಅಧ್ಯಾಯವನ್ನು ಅವರ ಜಗುಲಿಯಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿದೆ. ‘ಈ ಜೋಡಣೆಯನ್ನು ಕಂಡುಹಿಡಿದವರು ರಾಯದುರ್ಗದ ಹೊನ್ನೂರಮ್ಮ’ ಎಂಬಲ್ಲಿಗೆ ಬಂದಾಗ ನನ್ನ ದನಿ ಸ್ವಲ್ಪ ಏರಿತ್ತು.

ಅವರು ಕೈ ಎತ್ತಿ ನಿಲ್ಲಿಸಿದರು. “ಅಲ್ಲಿ ತಪ್ಪೈತ್ರಿ. ಇದು ನಂದಲ್ಲ. ಭೈರವಾನಿತಿಪ್ಪದಾಗ ನಮ್ಮ ನಾದಿನಿ ಸಾವಿತ್ರಿ ಅದಾಳ. ಹರಿದ ಕಂಬಳಿ ಕೂಡಿಸಾಕ ಆಕಿ ಹಿಂಗ ಎಳಿ ಬಿಚ್ಚತಿದ್ಲು. ನಾ ಅದನ್ನ ಜೀನ್ಸಿಗೆ ತಂದೀನಿ, ಅಷ್ಟ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಅಕ್ಕ ಎಂದು ಕೇಳಿದೆ.

“ಹೆಂಗ ಮಾಡ್ತೀರಿ ಅಂತ ಕೇಳಿದ್ರಿ. ಯಾರ ಕಡಿಂದ ಕಲ್ತ್ರಿ ಅಂತ ಯಾವತ್ತೂ ಕೇಳಲಿಲ್ಲಲ್ರಿ.”

ಪ್ರಬಂಧ ಸಲ್ಲಿಸುವುದನ್ನು ತಡೆದು, ಮಾರನೆಯ ದಿನವೇ ಭೈರವಾನಿತಿಪ್ಪಕ್ಕೆ ಹೋದೆ. ಸಾವಿತ್ರಮ್ಮನ ಹೆಸರು, ತಮಗೆ ಕಲಿಸಿದವರೆಂದು ಅವರು ಹೇಳಿದ ತಾಯಿಯ ಹೆಸರು, ಎರಡೂ ಆ ಅಧ್ಯಾಯದಲ್ಲಿವೆ. ಈ ಜೋಡಣೆಯ ಬಗ್ಗೆ ಹಳೆಯ ಗೈಡ್ ಪ್ರಕಟಿಸಿದ ಲೇಖನ ಇಂದಿಗೂ ಅವರೊಬ್ಬರ ಹೆಸರಿನಲ್ಲೇ ಇದೆ. ಅದನ್ನು ಉಲ್ಲೇಖಿಸಿದವರೂ ಇದ್ದಾರೆ. ನಾನು ಹೋದರೆ ಹೊನ್ನೂರಮ್ಮ ಊಟ ಹಾಕುತ್ತಾರೆ, ಹೊಸ ಹೊಲಿಗೆಯನ್ನು ಮಾತ್ರ ತೋರಿಸುವುದಿಲ್ಲ. ನಾನು ಕೇಳುವುದೂ ಇಲ್ಲ. ಸಂಶೋಧನಾ ವಿಧಾನದ ಮೊದಲ ತರಗತಿಯಲ್ಲಿ ಈಗ ನನ್ನ ವಿದ್ಯಾರ್ಥಿಗಳಿಗೆ ಕ್ಯಾಮೆರಾ, ನೋಟ್‌ಬುಕ್ ಎರಡನ್ನೂ ಮುಚ್ಚಿಡಲು ಹೇಳುತ್ತೇನೆ. ಎದುರಿಗೆ ಕೂತವರು ಯಾರಿಂದ ಕಲಿತರು, ತಮ್ಮನ್ನು ಯಾವ ಹೆಸರಿನಿಂದ ಬರೆಯಬೇಕೆನ್ನುತ್ತಾರೆ ಎಂದು ಕೇಳಿ ತಿಳಿದ ಮೇಲೆಯೇ ವಿದ್ಯಾರ್ಥಿಗಳು ಪೆನ್ನು ತೆಗೆಯಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು, ಅದನ್ನೂ ತಡವಾಗಿ ಕಲಿತೆ.